ಗೋವಿಂದಯ್ಯನವರ ಸಂಪುಟ ಸೋರಿದ್ದು

ಸಂಪುಟದ ಒಳಗಿನ ಮಾತು ಹೊರಗೆ ಬಿದ್ದಿತ್ತು. ಬಿಟ್ಟವರು ಯಾರೆಂದು ಗೋವಿಂದಯ್ಯನವರಿಗೆ ಗೊತ್ತಾಗಿಹೋಗಿತ್ತು. ಮುಖದ ಮೇಲೆ ಹೇಳುವ ಧೈರ್ಯ ಮಾತ್ರ ಇನ್ನೂ ಬಂದಿರಲಿಲ್ಲ. ಯಾಕೆಂದರೆ ಆಕೆ ಅಡುಗೆಮನೆಯಲ್ಲಿ ಉಪ್ಸಾರಿಗೆ ಖಾರ ಅರೆಯುತ್ತಿದ್ದರು.

ಗೋವಿಂದಯ್ಯ ವಿಧಾನಸೌಧದ ಸಂಪುಟ ಶಾಖೆಯಲ್ಲಿ ದುಡಿದು, ನಿವೃತ್ತರಾಗಿ ನಂಜನಗೂಡಿಗೆ ಮರಳಿದವರು. ಎಷ್ಟೋ ಮುಖ್ಯಮಂತ್ರಿಗಳ ಸಂಪುಟದ ಟಿಪ್ಪಣಿಗಳು ಅವರ ಕೈ ದಾಟಿ ಹೋಗಿದ್ದವು. ಪತ್ರಕರ್ತರು ಕಾಫಿ ಕೊಡಿಸಿದರೂ, ದುಂಬಾಲು ಬಿದ್ದರೂ ಒಂದಕ್ಷರ ಬಾಯಿ ಬಿಟ್ಟವರಲ್ಲ. ಈ ವಿಚಾರದಲ್ಲಿ ಅವರಿಗೆ ಹೆಮ್ಮೆಯೋ ಹೆಮ್ಮೆ. ಕೇಳದವರನ್ನೂ ನಿಲ್ಲಿಸಿಕೊಂಡು ಹೇಳುತ್ತಿದ್ದರು.

ಮನೆಯನ್ನೂ ಹಾಗೆಯೇ ನಡೆಸುತ್ತಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ, ಬಾಬಾಸಾಹೇಬರ ಫೋಟೊದ ಕೆಳಗೆ ಸಭೆ. ಅವರೇ ಮುಖ್ಯಮಂತ್ರಿ. ಹೆಂಡತಿ ಮಹದೇವಮ್ಮನವರದು ಆಹಾರ ಖಾತೆ, ಮಗ ಪ್ರೇಮ್‌ಕುಮಾರನದು ಹಣಕಾಸು, ಮಗಳು ಲಿಖಿತಾಳದು ಶಿಕ್ಷಣ. ಒಳಗೆ ಎಷ್ಟು ಬೇಕಾದರೂ ಕಿತ್ತಾಡಬಹುದು. ತೀರ್ಮಾನವಾದ ಮೇಲೆ ಅದು ಎಲ್ಲರ ತೀರ್ಮಾನ. ಯಾರು ಬೇಡವೆಂದಿದ್ದರು ಎಂಬುದು ಹೊಸ್ತಿಲು ದಾಟಬಾರದು. ಒಪ್ಪಲಾಗದವರು ರಾಜೀನಾಮೆ ಕೊಡಬೇಕು. ಗುಟ್ಟು ಬಿಟ್ಟವರನ್ನು ಮುಖ್ಯಮಂತ್ರಿ ಕೈಬಿಡುತ್ತಾರೆ.

ಹೋದ ಭಾನುವಾರ ಸಭೆಯ ಮುಂದಿದ್ದದ್ದು ಲಿಖಿತಾಳ ಮದುವೆ. ಹುಡುಗ ಟಿ. ನರಸೀಪುರದ ರವಿ, ಕಾಲೇಜು ಲೆಕ್ಚರರ್, ಅವಳೇ ಮೆಚ್ಚಿದವನು. ಪ್ರೇಮ್‌ಕುಮಾರ್ ಒಬ್ಬನೇ ಕೊಕ್ಕೆ ಹಾಕಿದ.

"ಒಳ್ಳೇವ್ನೇ ಕಣಪ್ಪ. ಆದ್ರೆ ಅವ್ನು ನಕ್ರೆ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡ್ದಂಗಾಯ್ತದೆ."

"ದಿನಾ ಕೇಳೋಳು ನಾನು. ನಿಂಗೇನು ಕಷ್ಟ?" ಎಂದಳು ಲಿಖಿತಾ.

ಪ್ರಸ್ತಾವ ಪಾಸಾಯಿತು. ಪ್ರೇಮ್‌ಕುಮಾರನೂ ನಿಯಮದಂತೆ ತಲೆಯಾಡಿಸಿದ.

ಸಭೆ ಮುಗಿದ ಕೂಡಲೇ ಮಹದೇವಮ್ಮ ದೇವನೂರಿನ ತಂಗಿಯ ಮನೆಗೆ ಹೊರಟರು. "ಉಂಡು ಒಳಗೇ ಮಲೀಕಳಿ, ಜಗಲಿ ಮೇಲೆ ಬಿಸ್ಲು. ಆ ರೇಡಿಯೋ ರಿಪೇರಿಗೆ ಕೊಡಿ ಅಂತ ಎಷ್ಟ್ ಸಲ ಹೇಳ್ಲಿ?" ಎಂದರು. ಆಕೆಗೆ ರೇಡಿಯೋ ಹುಚ್ಚು. ಬೆಂಗಳೂರಿನ ಕ್ವಾರ್ಟರ್ಸಿನಲ್ಲಿದ್ದಾಗಿನಿಂದಲೂ ಗಂಡನ ತಲೆದೆಸೆಯಲ್ಲಿ ಅದು ಒದರುತ್ತಲೇ ಇರಬೇಕು. ಅದು ಕೆಟ್ಟಿದ್ದಕ್ಕೆ ಗೋವಿಂದಯ್ಯನವರಿಗೆ ಒಳಗೊಳಗೇ ಖುಷಿ. ಹೊಟ್ಟೆ ತುಂಬ ಉಂಡು, ಜಗಲಿಯ ಮೇಲೇ ಉರುಳಿಕೊಂಡು ಸೊಗಸಾಗಿ ನಿದ್ದೆ ತೆಗೆದರು.

ಬುಧವಾರ ರವಿಯ ತಂದೆ ಚೆಲುವರಾಜು ಫೋನ್ ಮಾಡಿದರು. "ನಮ್ಮುಡ್ಗನ ನಗು ಬಗ್ಗೆ ನಿಮ್ಮನೇಲಿ 'ಟ್ರ್ಯಾಕ್ಟರ್ ಆಕ್ಷೇಪಣೆ' ಬಂದದಂತಲ್ಲ? ನಾವೂ ಒಸಿ ಯೋಚ್ನೆ ಮಾಡಿ ಏಳ್ತೀವಿ ಬುಡಿ."

ಲಿಖಿತಾ ಬಾಗಿಲು ಹಾಕಿಕೊಂಡು ಅತ್ತಳು. ಪ್ರೇಮ್‌ಕುಮಾರ್ ತಾನು ಯಾರಿಗೂ ಹೇಳಿಲ್ಲವೆಂದು ಆಣೆ ಹಾಕಿದ. ಗೋವಿಂದಯ್ಯ ಅಲ್ಲಿ ಇಲ್ಲಿ ವಿಚಾರಿಸಿದಾಗ ಸುದ್ದಿಯ ಜಾಡು ಸಿಕ್ಕಿತು. ಅವರ ಜಗಲಿಯ ಪಕ್ಕದಲ್ಲೇ ಕೂತು ಹೂ ಮಾರುವ ಪುಟ್ಟಮಾದಮ್ಮನ ತವರು ನರಸೀಪುರ, ಅದೂ ಚೆಲುವರಾಜು ಅವರ ಬೀದಿ. ಆ ಭಾನುವಾರ ಊರಿಗೆ ಹೊರಟ ಮಹದೇವಮ್ಮ ಅವಳ ಹತ್ತಿರ ಹೂ ಕೊಂಡು, ನಿಂತು ಮಾತಾಡಿದ್ದನ್ನು ಗೋವಿಂದಯ್ಯ ಕಣ್ಣಾರೆ ಕಂಡಿದ್ದರು. ಇನ್ನೇನು ಬೇಕು?

ಕೊನೆಗೂ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು.

"ಮಹದೇವಿ, ಸಂಪುಟದಿಂದ ನಿನ್ನ ಕೈಬಿಡಬೇಕಾಗ್ತದೆ."

ಮಹದೇವಮ್ಮ ತಲೆ ಎತ್ತಿದರು. ಕಣ್ಣಲ್ಲಿ ನೀರಿತ್ತು; ಖಾರದ್ದೋ, ಮಾತಿನದೋ. "ಕೈಬುಡಿ. ರೇಡಿಯೋ ಮಾತ್ರ ಇವತ್ತೇ ರಿಪೇರಿಗೆ ಕೊಡಿ."

"ಮಗಳ ಮದುವೆ ಮುರಿದುಬೀಳೋ ಹಾಗಿದೆ, ನಿಂಗೆ ರೇಡಿಯೋ ಚಿಂತೆ!"

"ಅದಕ್ಕೇ ಹೇಳ್ತಿರೋದು."

ಇಂಥವರ ಹತ್ತಿರ ಏನು ಮಾತು ಎಂದು ಗೋವಿಂದಯ್ಯ ಸಾಕ್ಷಿ ಕೇಳಲು ಸೀದಾ ಹೊರಗೆ ನಡೆದರು. "ಪುಟ್ಟಮಾದಮ್ಮ, ನಮ್ಮನೆ ವಿಷಯ ನಿಂಗೆ ಹೇಳಿದ್ಯಾರು? ನಿಜ ಹೇಳು."

ಪುಟ್ಟಮಾದಮ್ಮ ಹೂ ಕಟ್ಟುವುದನ್ನು ನಿಲ್ಲಿಸಿ ಬೆಪ್ಪಾಗಿ ನೋಡಿದಳು. "ನೀವೇ ಅಲ್ವ ಸಾ! ಉಂಡು ಇದೇ ಜಗ್ಲಿ ಮ್ಯಾಲೆ ಮನಿಕಂಡಿದ್ರಿ. ಗೊರಕೆ ಮಧ್ಯದಲ್ಲಿ ಶುರು ಅಚ್ಕಂಡ್ರಿ. 'ವಿಷಯ ಸಂಖ್ಯೆ ಒಂದು, ಲಿಖಿತಾ ವಿವಾಹ. ಪ್ರೇಮ್‌ಕುಮಾರರ ಟ್ರ್ಯಾಕ್ಟರ್ ಆಕ್ಷೇಪಣೆಯನ್ನು ತಳ್ಳಿಹಾಕಿ ಅನುಮೋದಿಸಲಾಗಿದೆ' ಅಂದ್ರಿ. ಅದೇನ್ ನಗು ಅಂತ ಕೇಳುದ್ರೆ, ಅದ್ನೂ ಇವರ್ಸಿ ಏಳುದ್ರಿ. ನಿದ್ದೇಲೂ ಎಂಥಾ ಕನ್ನಡ ಸಾ ನಿಮ್ದು!"

ಗೋವಿಂದಯ್ಯ ಒಳಗೆ ಬಂದು ಕುರ್ಚಿಯ ಮೇಲೆ ಕುಸಿದರು. ಚೆಲುವರಾಜು ಅವರಿಗೆ ಫೋನ್ ಹಚ್ಚಿ, ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ ಕ್ಷಮೆ ಕೇಳಿದರು. ಆ ಕಡೆ ಯಾರೋ ನಕ್ಕರು. ನಕ್ಕವನು ರವಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಲಿಖಿತಾ ಬಾಗಿಲು ತೆಗೆದು ಓಡಿಬಂದಳು. ಪ್ರೇಮ್‌ಕುಮಾರ್ ಸೂರು ನೋಡುತ್ತ ಕೂತ. ಭಾನುವಾರ ಬರುತ್ತೇವೆಂದರು ಚೆಲುವರಾಜು.

"ರಾಜೀನಾಮೆ ಕೊಡಬೇಕಾದವನು ನಾನು," ಎಂದರು ಗೋವಿಂದಯ್ಯ. "ಮುಖ್ಯಮಂತ್ರಿ ಹೋದ ಮೇಲೆ ಸಂಪುಟವೂ ಹೋದಂತೆ. ಇನ್ನು ಮುಂದೆ ನೀನೇ ನಡೆಸು, ಮಹದೇವಿ."

ಸಂಜೆ ತಾವೇ ಹೋಗಿ ರೇಡಿಯೋ ರಿಪೇರಿ ಮಾಡಿಸಿಕೊಂಡು ಬಂದರು. ಅದನ್ನು ಹೆಂಡತಿಯ ಕೈಗೆ ಕೊಡುವಾಗ ಏನೋ ಹೊಳೆದು, ಕೈ ಅಲ್ಲೇ ನಿಂತಿತು.

"ಹಾಗಾದ್ರೆ... ಬೆಂಗಳೂರಲ್ಲೂ ಇದನ್ನ ಹಚ್ತಿದ್ದದ್ದು ಅದಕ್ಕೇನಾ? ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ಅವತ್ತೇ ಕೆಲ್ಸ ಬಿಟ್ಟು ಬಂದ್ಬುಡ್ತಿದ್ರಿ."

ಗೋವಿಂದಯ್ಯ ಹತ್ತಿರ ಬಂದು ದನಿ ತಗ್ಗಿಸಿದರು. "ಎಷ್ಟು ಕೇಳಿಸ್ಕೊಂಡಿದ್ದೀಯ?"

ಮಹದೇವಮ್ಮ ರೇಡಿಯೋದ ಕಿವಿ ತಿರುಗಿಸಿದರು. "ರಾಜ್ಯಪಾಲರ ಸಹಿ ಬೀಳಕ್ಕೆ ಮುಂಚೆನೇ ಸರ್ಕಾರದ ಎಲ್ಲಾ ತೀರ್ಮಾನನೂ ನನ್ನ ಕಿವಿಗೆ ಬಿದ್ದಿರೋದು ಕಣ್ರೀ, ಒಂದಿನ ಪಿಟ್ ಅಂದಿದ್ದೀನಾ?"