ಎಂಬತ್ತು ನಿಮಿಷ

ನೀಲವ್ವನ ಮಿದುಳಿನ ಸ್ಕ್ಯಾನ್ ಹತ್ತು ನಿಮಿಷದಲ್ಲಿ ನಗರದ ಸರ್ಜನ್‌ಗೆ ತಲುಪುತ್ತದೆ ಎಂದು ಊರಿನ ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ರುಬೀನಾ ಹೇಳಿದ್ದಳು. ತಲುಪಿದ್ದು ಎಂಬತ್ತು ನಿಮಿಷಕ್ಕೆ. ಸ್ಕ್ಯಾನ್ ಇದ್ದ ಹಳೆಯ ಡಿಸ್ಕಿನ ಲೆಕ್ಕ ಬೈಟ್‌ಗಳಲ್ಲಿ, ಅದನ್ನು ಕಳಿಸುವ ಹೊಸ ಫೈಬರ್ ಲೈನಿನ ಲೆಕ್ಕ ಬಿಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅವಸರದಲ್ಲಿ ಆ ಎಂಟನ್ನು ಅವಳು ಮರೆತಿದ್ದಳು. ಗೊತ್ತಿದ್ದರೆ ಸ್ಕ್ಯಾನಿಗೆ ಕಾಯದೆ ನೀಲವ್ವನನ್ನೇ ಆಂಬುಲೆನ್ಸಿನಲ್ಲಿ ನಗರಕ್ಕೆ ಕಳಿಸಬಹುದಿತ್ತು. ಅವತ್ತು ಸಂಜೆಯೇ ನೀಲವ್ವ ತೀರಿಕೊಂಡಳು.

ಮೂರು ವರ್ಷ ರುಬೀನಾ ಇದನ್ನು ಯಾರ ಮುಂದೆಯೂ ಬಾಯಿಬಿಡಲಿಲ್ಲ. ಕೊನೆಗೆ ತಡೆಯಲಾರದೆ ನೀಲವ್ವನ ಗಂಡ ಗುರುಪಾದಪ್ಪನ ಹೊಲಿಗೆ ಅಂಗಡಿಗೆ ಹೋಗಿ, ನಿಂತಲ್ಲೇ ಎಲ್ಲವನ್ನೂ ಹೇಳಿದಳು.

ಅವನು ಮಷೀನು ನಿಲ್ಲಿಸಿದ. "ಎಂಟು ಪಟ್ಟು ತಡ ಆತೇನ್ರಿ?"

"ಹೌದ್ರಿ. ತಪ್ಪು ನಂದು. ಬೈದ್ರೂ ಸರಿ, ಕಂಪ್ಲೇಂಟ್ ಕೊಟ್ರೂ ಸರಿ."

ಗುರುಪಾದಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟ.

"ಸ್ಕ್ಯಾನ್ ನೋಡಿದ ಕೂಡ್ಲೇ ಸರ್ಜನ್ ಸಾಹೇಬ್ರು ಫೋನಿನಾಗ ಹೇಳಿದ್ರು, ಇನ್ನ ಏನೂ ಮಾಡಾಕ ಬರೂದಿಲ್ಲ, ನಿನ್ನೆನ ಕರ್ಕೊಂಡು ಬಂದಿದ್ರೂ ಉಳೀತಿರಲಿಲ್ಲ ಅಂತ."

ರುಬೀನಾ ಪಕ್ಕದ ಸ್ಟೂಲನ್ನು ಎಳೆದುಕೊಂಡು ಕುಳಿತಳು.

"ನಿಮ್ಮ ಲೆಕ್ಕ ಸರಿ ಇದ್ದಿದ್ರ ಆಕಿನ್ನ ಆಗಲೇ ಕಳಿಸಿಬಿಡ್ತಿದ್ರಿ, ಆಂಬುಲೆನ್ಸಿನಾಗ ನನ್ನ ಹತ್ತಗೊಡ್ತಿರಲಿಲ್ಲ, ಆಕಿ ಒಬ್ಬಾಕಿನ ಹೋಗ್ತಿದ್ಲು," ಎಂದ ಗುರುಪಾದಪ್ಪ. "ಕಾಯ್ಕೋತ ಕುಂತ ಆ ಎಂಬತ್ತು ನಿಮಿಷ ಆಕಿ ನನ್ನ ಕೈ ಹಿಡ್ಕೊಂಡು, ಆಪರೇಷನ್ನಿಗೆ ತಲಿ ಬೋಳಿಸ್ತಾರ, ನೋಡಿ ನಗಬ್ಯಾಡ್ರಿ ಮತ್ತ ಅಂತ ಹೇಳಿ, ತಾನ ನಗ್ತಿದ್ಲರಿ."