ಅಕ್ಕನ ಕೈಗುಣ

"ನನ್ನ ಗಿರಾಕಿಗಳನ್ನ ಯಾರಿಗೆ ಮಾರಿದೆಯೋ? ಹೇಳು!"

ಪ್ರೆಸ್ಸಿನವನು ಯಂತ್ರ ನಿಲ್ಲಿಸಿದ. ಕೈಗಂಟಿದ ಮಸಿಯನ್ನು ಹಳೇ ಬಟ್ಟೆಗೆ ಒರೆಸುತ್ತಾ ಅಕ್ಕನ ಮುಖ ನೋಡಿದ. ಊರಿಗೆಲ್ಲ ಆಕೆ ಅಕ್ಕ. ತಂಗಿಯ ಜೊತೆ ಸೇರಿ ಚಿಕ್ಕದೊಂದು ಡಿಸೈನ್ ಸ್ಟುಡಿಯೋ ನಡೆಸುತ್ತಿದ್ದಳು. ಪುಸ್ತಕದ ಮುಖಪುಟ, ಪೋಸ್ಟರ್, ಆಹ್ವಾನಪತ್ರಿಕೆ. ಕಾಗದದ ಮೇಲೆ ಅಚ್ಚಾಗುವುದಾದರೆ ಮಾತ್ರ ಅವಳು ಮುಟ್ಟುವುದು.

"ಯಾಕಕ್ಕಾ ಬರೋಕೆ ಹೋದ್ರಿ? ಮನೇಲಿ ಆರಾಮಾಗಿ ಇರೋದಲ್ವಾ?" ಎಂದು ಸ್ಟೂಲು ಎಳೆದ. "ಮೊದಲು ಕೂತ್ಕೊಳ್ಳಿ. ಇಷ್ಟು ಉದ್ವೇಗ ಒಳ್ಳೇದಲ್ಲ."

ಅಬ್ಬಾ, ಧೈರ್ಯವೇ! ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಒಂದು ತಿಂಗಳಿಂದ ಸ್ಟುಡಿಯೋದೊಳಕ್ಕೆ ಒಂದು ನರಪಿಳ್ಳೆಯೂ ಕಾಲಿಟ್ಟಿರಲಿಲ್ಲ. ಅವಳ ಮುಖಪುಟವಿಲ್ಲದೆ ಪುಸ್ತಕವನ್ನೇ ತರದ ಪ್ರಕಾಶಕ, ಫೋನ್ ಮಾಡಿದರೆ "ಸಾಕಷ್ಟು ದುಡಿದಿದ್ದೀರಿ, ಇನ್ನಾದ್ರೂ ಆರೋಗ್ಯ ನೋಡ್ಕೊಳ್ಳಿ" ಎಂದು ನಯವಾಗಿ ಜಾರಿಕೊಂಡ. ನಾಟಕ ತಂಡದವನಂತೂ ನಡುಬೀದಿಯಲ್ಲಿ ಕೈಮುಗಿದು ಕಣ್ಣು ಒದ್ದೆ ಮಾಡಿಕೊಂಡ. ಕೆಲಸ ಕೊಡದವನಿಗೆ ಕಣ್ಣೀರು ಬೇರೆ ಕೇಡು! ಹೀಗೇ ಆದರೆ ಸ್ಟುಡಿಯೋ ಬಾಗಿಲು ಹಾಕಬೇಕು. ಅಕ್ಕನಿಗೆ ಅದು ಬಿಟ್ಟರೆ ಬೇರೆ ಬದುಕಿಲ್ಲ.

ಬತ್ತಿ ಇಟ್ಟವರು ಒಳಗಿನವರೇ. ತಂಗಿ, ಪಾಪ, ಹೊಸ ಗಿರಾಕಿಗಳಿಗಾಗಿ ದಿನವಿಡೀ ಹೊರಗೆ ಅಲೆಯುತ್ತಿದ್ದಾಳೆ. ಉಳಿದವನು ಅವಳ ಕೆಲಸವನ್ನೆಲ್ಲ ಅಚ್ಚು ಹಾಕುವ ಇವನೊಬ್ಬ.

"ನಿನ್ನನ್ನ ಸ್ವಂತ ತಮ್ಮ ಅಂದ್ಕೊಂಡಿದ್ದೆ ಕಣೋ. ಬೆನ್ನಿಗೆ ಚೂರಿ ಹಾಕಿದೆಯಲ್ಲೋ!"

"ಬಿಡ್ತು ಅನ್ನಿ! ನಿಮ್ಮ ಕೊನೇ ಕೆಲಸಾನ ಎಷ್ಟು ಜೋಪಾನವಾಗಿ ಮಾಡ್ಕೊಟ್ಟೆ, ಆ ಕಾರ್ಡು?"

ಹೌದು, ಆ ಕಾರ್ಡು. ಯಾವುದೋ ಹೊಸ ಅಂಗಡಿಯದ್ದೆಂದು ತಂಗಿ ತಂದದ್ದು. ಅಕ್ಕ ಅದಕ್ಕೆ ಜೀವ ತೇದಿದ್ದಳು. ಅಕ್ಷರಗಳ ನಡುವಿನ ಅಂತರ ಅಳೆಯಲು ಹಾಳೆಯನ್ನು ಗೋಡೆಗೆ ತಲೆಕೆಳಗಾಗಿ ಅಂಟಿಸಿ ದೂರ ನಿಂತು ನೋಡುವುದು ಅವಳ ಪದ್ಧತಿ. ಓದಲು ಹೋದರೆ ಅರ್ಥ ಅಡ್ಡ ಬಂದು ಅಂದ ಕಾಣುವುದಿಲ್ಲವಂತೆ. ಓದಿ ತಪ್ಪು ತಿದ್ದುವುದೇನಿದ್ದರೂ ತಂಗಿಯ ಪಾಲು. "ಇದೊಂದ್ಸಲ ನೀನೂ ಓದಕ್ಕಾ" ಎಂದು ತಂಗಿ ಗೋಗರೆದಿದ್ದಳು. "ಹೋಗೇ, ಮತ್ತೆ ನೀನಿರೋದ್ಯಾಕೆ?" ಎಂದು ಅಕ್ಕ ನಗುತ್ತಲೇ ಅಚ್ಚಿಗೆ ಒಪ್ಪಿ ಸಹಿ ಹಾಕಿದ್ದಳು.

"ಮಾತು ತಿರುಗಿಸಬೇಡ. ಆ ಕಾರ್ಡಿಗೂ ನನ್ನ ಗಿರಾಕಿಗಳಿಗೂ ಏನು ಸಂಬಂಧ?"

ಪ್ರೆಸ್ಸಿನವನು ಬೆಪ್ಪಾದ. "ಅವರಿಗೇ ತಾನೇ ಅಕ್ಕಾ ಕಳಿಸಿದ್ದು? ನಿಮ್ಮ ಕೈಕೆಲಸ ಅಂತ ನೋಡಿದ ಕೂಡ್ಲೇ ಗೊತ್ತಾಗುತ್ತೆ. ಅದಕ್ಕೇ ಯಾರೂ ಮರುಮಾತಾಡದೆ ನಂಬಿದ್ರು."

ಮೇಜಿನ ಖಾನೆಯಿಂದ ಉಳಿದಿದ್ದ ಒಂದು ಕಾರ್ಡು ತೆಗೆದು ಕೊಟ್ಟ. ಅಭ್ಯಾಸಬಲದಿಂದ ಅಕ್ಕ ಅದನ್ನು ತಲೆಕೆಳಗು ಮಾಡಿ ಹಿಡಿದಳು. ಎಷ್ಟು ಚೆನ್ನಾಗಿತ್ತು! ಅವನೇ ಮೆಲ್ಲಗೆ ಅದನ್ನು ನೇರ ಮಾಡಿದ. ಅಕ್ಕ ಮೊದಲ ಸಲ ಓದಿದಳು.

'ತೀವ್ರ ಅನಾರೋಗ್ಯದಿಂದಾಗಿ ನಮ್ಮಕ್ಕ ನಿವೃತ್ತರಾಗಿದ್ದಾರೆ. ದಯವಿಟ್ಟು ಅವರ ಮುಂದೆ ಕೆಲಸದ ಮಾತೆತ್ತಬೇಡಿ. ಇನ್ನು ಮುಂದೆ ನನ್ನ ಹೊಸ ಸ್ಟುಡಿಯೋಗೆ ಬನ್ನಿ.'