ಹಿತಕಿದ ಕಾಳಿನ ಫೋಟೋ

ಜಕ್ಕೂರಿನ ನಮ್ಮ ಅಡುಗೆಮನೆಯಲ್ಲಿ ಅವರೆಕಾಯಿ ಸೊಗಡು ಎದ್ದರೆ ಸಾಕು, ನನಗೆ ಇಟಲಿಯ ಸಮುದ್ರದಂಡೆ ನೆನಪಾಗುತ್ತದೆ. ಬೇಸಿಗೆ ರಜೆಗೆ ಮನೆಮಂದಿಯೆಲ್ಲ ಹೋಗಿದ್ದೆವು. ಅಲ್ಲೊಂದು ಗಲ್ಲಿಯ ಹೊಸ್ತಿಲಲ್ಲಿ ಮುದುಕಿಯೊಬ್ಬಳು ಕೂತು, ನಮ್ಮ ಅವರೆಯಂಥದ್ದೇ ದಪ್ಪ ಕಾಳು ಹಿತಕುತ್ತಿದ್ದಳು. ಅಪ್ಪ ಹೊಸ ಕ್ಯಾಮೆರಾ ಎತ್ತಿ ಪಿಸುಗುಟ್ಟಿದ, "ಇದು ಸ್ಟ್ರೀಟ್ ಫೋಟೋಗ್ರಫಿ. ಯಾರೂ ಅಡ್ಡ ಬರ್ಬೇಡಿ, ಅವ್ರಿಗೆ ಗೊತ್ತಾಗ್ಬಾರ್ದು."

ಅಜ್ಜಿ ಆಗಲೇ ಹೋಗಿ ಅವಳ ಪಕ್ಕ ಕೂತಾಗಿತ್ತು. "ಇಂಗಲ್ಲ ಕಣವ್ವ, ತುದಿ ಇಡ್ಕೊಂಡು ಒತ್ತು," ಅಂತ ಒಂದು ಹಿತಕಿ ತೋರಿಸಿದಳು. ಕಾಳು ಚಿಮ್ಮಿ ಲೆನ್ಸಿಗೆ ಬಡಿಯಿತು. ಇಬ್ಬರೂ ಬಾಯಿ ತುಂಬ ನಗುವಾಗ ಕ್ಯಾಮೆರಾ ಕ್ಲಿಕ್ಕಾಯಿತು.

"ಹಾಳ್ ಮಾಡ್ಬಿಟ್ಯಲ್ಲವ್ವ," ಅಂದ ಅಪ್ಪ.

ಆ ಫೋಟೋ ಈಗ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಅಜ್ಜಿ ಪಕ್ಕದಲ್ಲಿರೋರು ಯಾರು ಅಂತ ಬಂದವರು ಕೇಳಿದರೆ ಅಪ್ಪ, "ನಮ್ ಚಿಕ್ಕವ್ವ," ಅನ್ನುತ್ತಾನೆ.